ಒಂದೂಕಾಲಿಗೆ ಹೋಗುವ ನೆಟ್‌ವರ್ಕ್

“ಎವರು ಮೀರು?!”

‘ಯಾರು ನೀವು’ ಎಂದು ಜಾಹ್ನವಿ ತೆಲುಗಿನಲ್ಲಿ ಗದರಿದ್ದಕ್ಕೆ ಅವಳ ಮೇಜಿನ ಕೆಳಗೆ ಕೂತಿದ್ದ ಗಂಡಸು ಬೆಚ್ಚಿಬಿದ್ದ. ತಲೆ ಠಕ್ಕೆಂದು ಹಲಗೆಗೆ ಬಡಿಯಿತು.

“ಅಯ್ಯೋ ಶಿವನೇ...”

ಕನ್ನಡ!

ಅವನು ಹೊರಗೆ ಬಂದ. ಕೂದಲಲ್ಲಿ ಜೇಡರ ಬಲೆ, ಕೈಯಲ್ಲಿ ಅವಳ ಕಂಪ್ಯೂಟರಿನಿಂದ ಕಿತ್ತ ಕೇಬಲ್.

“ನಾನು ಗುರುದತ್ತ. ದುವ್ವಾಡ ಬ್ರಾಂಚಿನ ಸಿಸ್ಟಮ್ಸ್ ನೋಡ್ಕೊಳ್ಳೋನು. ನೀವು... ಜಾಹ್ನವಿ ಮೇಡಮ್?”

ಓಹೋ, ಇವನೇ! ಒಂದು ತಿಂಗಳಿಂದ ದಿನಾ ಫೋನ್ ಮಾಡಿ ತಲೆ ತಿನ್ನುತ್ತಿದ್ದವನು. ತುಮಕೂರಿನವಳು ಅವಳು, ಚಿತ್ರದುರ್ಗದವನು ಅವನು. ಇಬ್ಬರೂ ತಿಳಿಯದೆ ಇಷ್ಟು ದಿನ ತೆಲುಗಿನಲ್ಲೇ ಜಗಳವಾಡಿದ್ದರು.

“ನನ್ನ ಕೇಬಲ್ ಯಾಕ್ರೀ ಕಿತ್ತಿದ್ದು?”

“ತೊಂದರೆ ಈ ಕಡೆಯಿಂದಾನಾ ಅಂತ ನೋಡ್ತಿದ್ದೆ.”

“ಈ ಕಡೆಯಿಂದ ಅಂದ್ರೆ? ನನ್ನಿಂದ ಅಂತಲಾ?”

ಅವನು ಕೇಬಲಿನ ತುದಿ ತಿರುಗಿಸಿ ನೋಡತೊಡಗಿದ. ಅದೇ ಅವಳಿಗೆ ಚುಚ್ಚಿತು.

ವಿಷಯ ಇಷ್ಟೇ. ವಿಜಯವಾಡದ ಆಟೋನಗರದಲ್ಲಿ ಫಣೀಂದ್ರ ಅವರ ಬೇರಿಂಗ್ ಅಂಗಡಿ, ವಿಶಾಖಪಟ್ಟಣದ ದುವ್ವಾಡದಲ್ಲಿ ಅದರ ಬ್ರಾಂಚು. ಇಲ್ಲಿನ ಲೆಕ್ಕ ನೋಡಿಕೊಳ್ಳುವವಳು ಜಾಹ್ನವಿ. ಎರಡೂ ಕಡೆಯ ಲೆಕ್ಕಕ್ಕೆ ಒಂದೇ ಸಾಫ್ಟ್‌ವೇರ್. ಅದರ ಫೈಲ್ ಇರುವುದು ಇಲ್ಲಿನ ಸರ್ವರಿನಲ್ಲಿ. ಹೋದ ತಿಂಗಳು ಒಂದು ಭಾನುವಾರ ಗುರುದತ್ತ ಬಂದು ಹೊಸ ಸರ್ವರ್ ಕೂರಿಸಿ ಹೋಗಿದ್ದ. ಅಂದಿನಿಂದ ದಿನವೂ ಮಧ್ಯಾಹ್ನ ಒಂದೂಕಾಲಿಗೆ ದುವ್ವಾಡದ ಕಂಪ್ಯೂಟರುಗಳಿಗೆ ಸಂಪರ್ಕ ತಪ್ಪುತ್ತಿತ್ತು. ಇಲ್ಲಿ ಊಟಕ್ಕೆ ಬಾಗಿಲು ಹಾಕುವ ಹೊತ್ತು, ಅಲ್ಲಿ ಕಾರ್ಖಾನೆಯವರು ಸಾಲು ನಿಲ್ಲುವ ಹೊತ್ತು. ಹತ್ತು ನಿಮಿಷ ಬಿಲ್ ಆಗದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ!

“ಯಾರೋ ಬೇಕೂ ಅಂತಲೇ ಮಾಡ್ತಿದಾರೆ ಅಮ್ಮಾ,” ಎಂದಿದ್ದರು ಫಣೀಂದ್ರ. “ಶನಿವಾರದೊಳಗೆ ಗೊತ್ತಾಗ್ಬೇಕು. ಯಾರಾದ್ರೂ ಸರಿ, ಮನೆಗೆ ಕಳಿಸ್ತೀನಿ.”

ಆ ಮಾತು ಹೇಳುವಾಗ ಅವರು ತನ್ನ ಕಡೆ ನೋಡಿದರೇ? ಜಾಹ್ನವಿಗೆ ಆ ಅನುಮಾನ ಹೋಗಿರಲಿಲ್ಲ.

ಈ ಕೆಲಸ ಹೋದರೆ ಅವಳಿಗೆ ಈ ಊರಿನಲ್ಲಿ ಉಳಿಯುವುದು ಏನೂ ಇಲ್ಲ. ಈ ಆಫೀಸಿನ ನೆಟ್‌ವರ್ಕನ್ನೆಲ್ಲ ಕಟ್ಟಿದ್ದು ಅವಳ ಗಂಡ ಅಶೋಕ. ಅವನು ತೀರಿಕೊಂಡು ಎರಡು ವರ್ಷ. ಗೋಡೆಯ ಮೇಲೆ ಅವನು ಹೊಡೆದ ಮೊಳೆಗಳು ಇನ್ನೂ ಹಾಗೇ ಇವೆ.

ಬುಧವಾರ ಗುರುದತ್ತ ಕೇಬಲ್ ಬದಲಿಸಿದ. ಒಂದೂಕಾಲಿಗೆ ಸಂಪರ್ಕ ಹೋಯಿತು. ಗುರುವಾರ ರೂಟರ್ ಬದಲಿಸಿದ. ಆಗಲೂ ಹೋಯಿತು.

“ಒಂದು ಮಾತು ಕೇಳ್ಲಾ?” ಎಂದ. “ಒಂದೂಕಾಲಿಗೆ ದಿನಾ ನೀವು ಎಲ್ಲಿರ್ತೀರಿ?”

“ಊಟಕ್ಕೆ.”

“ಎಲ್ಲಿ ಊಟ?”

“ಏನು ಸಾಂಬಾರ್ ಅಂತಾನೂ ಹೇಳ್ಬೇಕಾ?”

ಅವನು ನಕ್ಕ. ಅವಳು ನಗಲಿಲ್ಲ. ಹೊಸ ಸರ್ವರ್ ಬಂದ ಮೇಲೆ ಶುರುವಾದ ತೊಂದರೆ, ಅದನ್ನು ಕೂರಿಸಿದವನು ಇವನು. ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಬಂದಿದ್ದಾನೆ!

ಸಂಜೆ ಅವನು ಚಹಾಕ್ಕೆ ಹೋದಾಗ ಮೇಜಿನ ಮೇಲೆ ಅವನ ಪುಟ್ಟ ನೋಟ್‌ಬುಕ್ ತೆರೆದೇ ಇತ್ತು. ಓದಬಾರದೆಂದುಕೊಂಡೇ ಓದಿದಳು.

‘ಜಾಹ್ನವಿ ಸೀಟಿನಿಂದ ಎದ್ದರು, 1.10. ನೆಟ್‌ವರ್ಕ್ ಹೋಯಿತು, 1.15. ನೆಟ್‌ವರ್ಕ್ ಬಂತು, 1.50. ಜಾಹ್ನವಿ ವಾಪಸ್, 1.52.’

ಅವಳು ನೋಟ್‌ಬುಕ್ಕನ್ನು ಇದ್ದ ಹಾಗೇ ಬಿಟ್ಟು ಹಿಂದೆ ಸರಿದಳು.

‘ನನ್ನನ್ನು ಕಾಯುತ್ತಿದ್ದಾನೆ... ಕಳ್ಳಿಯನ್ನು ಕಾಯುವ ಹಾಗೆ.’

ಶುಕ್ರವಾರ ಒಂದೂ ಹತ್ತಕ್ಕೆ ಅವಳು ಎಂದಿನಂತೆ ಸ್ಟೋರ್ ರೂಮಿಗೆ ಹೋದಳು. ಬೆಲ್ಟುಗಳ ರಾಶಿಯ ಹಿಂದಿನ ಬೀರುವಿನಿಂದ ಅಶೋಕನ ಹಳೆಯ ಲ್ಯಾಪ್‌ಟಾಪ್ ತೆಗೆದಳು. ಮುಚ್ಚಳದ ಮೂಲೆಯಲ್ಲಿ ಅವನೇ ಅಂಟಿಸಿದ ಚೀಟಿ, ಅವನದೇ ಅಕ್ಷರದಲ್ಲಿ ‘50’. ಹೊಸ ಸರ್ವರ್ ಬರುವವರೆಗೆ ಅಂಗಡಿಯ ಲೆಕ್ಕವೆಲ್ಲ ನಡೆಯುತ್ತಿದ್ದದ್ದು ಇದರಿಂದಲೇ. ಆಮೇಲೆ, “ಅಶೋಕ್‌ದು, ನೀನೇ ಇಟ್ಕೋ ಅಮ್ಮಾ,” ಎಂದು ಫಣೀಂದ್ರ ಅವಳಿಗೆ ಕೊಟ್ಟಿದ್ದರು. ಮನೆಗೆ ಒಯ್ಯಲು ಅವಳಿಗೆ ಧೈರ್ಯವಾಗಿರಲಿಲ್ಲ.

ಊಟದ ಡಬ್ಬಿ ತೆರೆದಳು. ಲ್ಯಾಪ್‌ಟಾಪ್ ಆನ್ ಮಾಡಿದಳು. ಎಂದೋ ಅವನು ಅವಳಿಗಾಗಿ ರೆಕಾರ್ಡ್ ಮಾಡಿಟ್ಟಿದ್ದ ದನಿ.

“ಜಾನೂ, ನೆಟ್‌ವರ್ಕ್ ಹೋದ್ರೆ ಗಾಬರಿ ಬೀಳ್ಬೇಡ. ಮೊದಲು ಊಟ ಮಾಡು. ಆಮೇಲೆ ನೋಡೋಣ.”

ಅಷ್ಟೇ. ದಿನವೂ ಅದನ್ನು ಕೇಳಿದ ಮೇಲೆಯೇ ಅವಳಿಗೆ ತುತ್ತು ಇಳಿಯುವುದು.

ಹಿಂದೆ ಏನೋ ಸದ್ದಾಯಿತು. ತಿರುಗಿದಳು.

ಬಾಗಿಲಲ್ಲಿ ಗುರುದತ್ತ, ಎಷ್ಟು ಹೊತ್ತಿನಿಂದ ನಿಂತಿದ್ದನೋ! ಅವನ ಕಣ್ಣು ಆ ಚೀಟಿಯ ಮೇಲಿತ್ತು. ಆಮೇಲೆ ಅವಳ ಮುಖದ ಮೇಲೆ, ಆಮೇಲೆ ಅರ್ಧ ತಿಂದ ಡಬ್ಬಿಯ ಮೇಲೆ.

“ಏನು? ಇದನ್ನೂ ಬರ್ಕೋತೀರಾ ನೋಟ್‌ಬುಕ್ಕಲ್ಲಿ?”

ಅವನು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಹೊರಟುಹೋದ. ಅವಳು ಹೊರಬಂದಾಗ ಫಣೀಂದ್ರ ಅವರ ಗಾಜಿನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಅವನು ತಲೆ ತಗ್ಗಿಸಿ ನಿಂತು ಏನೋ ಹೇಳುತ್ತಿದ್ದ.

‘ಮುಗೀತು... ನನ್ನ ಹೆಸರು ಹೇಳಿಬಿಟ್ಟ.’

ಪಟಮಟದ ಬಾಡಿಗೆ ಮನೆಗೆ ಹೋದವಳೇ ರಾಜೀನಾಮೆ ಬರೆದಳು. ಎರಡು ಸಾಲು ಸಾಕಾಯಿತು. ಅಳು ಬರಲಿಲ್ಲ. ಅದು ಬಾರದೆ ಬಹಳ ಕಾಲವಾಗಿತ್ತು.

ಶನಿವಾರ ಬೆಳಿಗ್ಗೆ ಅವಳು ಆ ಕಾಗದ ಹಿಡಿದು ಒಳಗೆ ಹೋದರೆ, ಫಣೀಂದ್ರ ಬಾಯ್ತುಂಬ ನಕ್ಕರು.

“ಬಾ ಅಮ್ಮಾ, ಕಳ್ಳ ಸಿಕ್ಕ! ಆ ಗುರುದತ್ತನೇ. ಹೊಸ ಸರ್ವರ್‌ಗೆ ನೆಟ್‌ವರ್ಕಲ್ಲಿ ಕೊಟ್ಟ ನಂಬರ್ ಐವತ್ತು. ಅದೇ ನಂಬರ್ ಇನ್ನೊಂದಕ್ಕೂ ಇತ್ತಂತೆ. ಎರಡೂ ಆನ್ ಆದ್ರೆ ದುವ್ವಾಡದವರಿಗೆ ದಾರಿ ತಪ್ತಿತ್ತು, ಒಂದೇ ಡೋರ್ ನಂಬರ್ ಎರಡು ಮನೆಗೆ ಇದ್ದ ಹಾಗೆ. ತಾನೇ ಒಪ್ಕೊಂಡ.”

“ಇನ್ನೊಂದು ಅಂದ್ರೆ... ಯಾವುದು ಸರ್?”

“ಯಾವುದೋ ಹಳೇ ಪ್ರಿಂಟರ್ ಅಂತೆ. ಅದರ ನಂಬರ್ ಬದಲಿಸು ಸಾಕು ಅಂದ್ರೆ ಕೇಳ್ಲಿಲ್ಲ. ಸರ್ವರ್‌ದೇ ಬದಲಿಸಿದ. ಅದಕ್ಕೆ ಇಲ್ಲಿನ ಏಳು ಕಂಪ್ಯೂಟರಲ್ಲೂ ಒಂದೊಂದಾಗಿ ಮತ್ತೆ ತಿದ್ದಿದ. ಅಲ್ಲಿನ ನಾಲ್ಕು ತಿದ್ದೋಕೆ ಬೆಳಗಿನ ಟ್ರೈನ್‌ಗೆ ಹೋದ. ತಿಂಗಳ ಕೊನೆಗೆ ಬೇರೆ ಕೆಲಸ ನೋಡ್ಕೋ ಅಂದಿದೀನಿ.”

ಆಫೀಸಿನಲ್ಲಿ ಹಳೇ ಪ್ರಿಂಟರ್ ಇರಲೇ ಇಲ್ಲ.

‘50’ ಎಂಬ ಆ ಚೀಟಿ ಅವಳ ಕಣ್ಣಿಗೆ ಕಟ್ಟಿತು. ದಿನವೂ ಒಂದೂಕಾಲಿಗೆ ತಾನು ಲ್ಯಾಪ್‌ಟಾಪ್ ಆನ್ ಮಾಡುತ್ತಿದ್ದುದು... ಅದು ತನ್ನ ಹಳೆಯ ನಂಬರಿನಲ್ಲೇ ನೆಟ್‌ವರ್ಕಿಗೆ ಸೇರುತ್ತಿದ್ದುದು... ತಾನೇ! ಇಡೀ ತಿಂಗಳು ತಾನೇ!

ಅವನಿಗೆ ಅದು ಗೊತ್ತಾಗಿತ್ತು. ಗೊತ್ತಾದ ಮೇಲೂ ಆ ಲ್ಯಾಪ್‌ಟಾಪನ್ನು ಮುಟ್ಟಿರಲಿಲ್ಲ.

“ಅದು ಪ್ರಿಂಟರ್ ಅಲ್ಲ ಸರ್.” ಅವಳು ಕಾಗದ ಮುಂದೆ ಚಾಚಿದಳು. “ಅಶೋಕ್ ಲ್ಯಾಪ್‌ಟಾಪ್. ಊಟದ ಹೊತ್ತಲ್ಲಿ ನಾನೇ ಆನ್ ಮಾಡ್ತಿದ್ದೆ. ಮನೆಗೆ ಕಳಿಸೋದಾದ್ರೆ ನನ್ನನ್ನ ಕಳಿಸಿ.”

ಫಣೀಂದ್ರ ಅವಳ ಕೈಯ ಕಾಗದ ತೆಗೆದುಕೊಂಡು ಓದಿ, ಮಡಚಿ ಕಸದ ಬುಟ್ಟಿಗೆ ಹಾಕಿದರು.

“ಅದನ್ನ ನಿನಗೆ ಕೊಟ್ಟೋನು ನಾನೇ ಅಲ್ವೇನಮ್ಮಾ... ಸೋಮವಾರ ನೀನೇ ದುವ್ವಾಡಕ್ಕೆ ಹೋಗು. ಕೆಲಸ ಬಿಡಬೇಡ ಅಂತ ನೀನೇ ಹೇಳು ಆ ಹುಚ್ಚನಿಗೆ.”

ಸೋಮವಾರ ಅವಳು ದುವ್ವಾಡ ಸ್ಟೇಷನ್ನಿನಲ್ಲಿ ಇಳಿದು ಬ್ರಾಂಚು ತಲುಪಿದಾಗ ಒಂದು ಗಂಟೆ. ಕೌಂಟರಿನಲ್ಲಿ ಗಲಾಟೆ. ಬಿಲ್ ಮಾಡುವ ಹುಡುಗಿ ಹಿಮಬಿಂದು ತಲೆಗೆ ಕೈ ಹೊತ್ತಿದ್ದಳು.

“ಅಕ್ಕಾ, ಮೂರು ಕಂಪ್ಯೂಟರ್ ಸರಿಹೋಯ್ತು, ನಾಲ್ಕನೇದು ಹಟ ಹಿಡಿದಿದೆ. ಈ ಮನುಷ್ಯ ಬೆಳಿಗ್ಗೆಯಿಂದ ಮೇಜಿನ ಕೆಳಗೇ ಇದಾರೆ!”

ಜಾಹ್ನವಿ ಬಗ್ಗಿ ನೋಡಿದಳು.

“ಎವರು ಮೀರು?”

ಠಕ್! ಮತ್ತೆ ತಲೆ ಹಲಗೆಗೆ.

“ನೀವಾ... ಇಲ್ಲಿ?”

“ಸುಳ್ಳು ಯಾಕೆ ಹೇಳಿದ್ರಿ?”

ಅವನು ಕೇಬಲನ್ನು ಬೆರಳಿಗೆ ಸುತ್ತಿಕೊಂಡ. “ಮೊದಲು ನಿಮ್ಮನ್ನೇ ಅನುಮಾನಿಸಿದೆ ಮೇಡಮ್. ಹಿಡಿಯೋಣ ಅಂತಲೇ ಬಂದೆ. ಆ ದನಿ ಕೇಳಿದ ಮೇಲೆ... ಅದನ್ನ ಆಫ್ ಮಾಡಿ ಅಂತ ಹೇಳೋಕೆ ಬಾಯಿ ಬರ್ಲಿಲ್ಲ.”

“ಕೆಲಸ ಹೋದ್ರೂ ಪರವಾಗಿಲ್ವಾ?”

“ಕೆಲಸ ಇನ್ನೊಂದು ಸಿಗುತ್ತೆ. ಆದ್ರೆ... ದಿನಾ ನಿಮಗೆ ಫೋನ್ ಮಾಡಿ ಬೈಸ್ಕೊಳ್ಳೋದು ತಪ್ಪುತ್ತಲ್ಲ, ಅದೇ ಬೇಜಾರು.”

ಹೇಳಿಬಿಟ್ಟು ಅವನೇ ಗಾಬರಿಯಾದ.

ಎರಡು ವರ್ಷ ಬಾರದಿದ್ದ ಕಣ್ಣೀರು, ಬರಬಾರದ ಜಾಗದಲ್ಲಿ, ಬೇರಿಂಗ್ ಪೆಟ್ಟಿಗೆಗಳ ನಡುವೆ ಬಂತು.

“ನೀವು ಕೆಲಸ ಬಿಡೋ ಹಾಗಿಲ್ಲ, ಸರ್ ಹೇಳಿದಾರೆ,” ಎಂದಳು. “ಮತ್ತೆ... ಶನಿವಾರ ನಿಮ್ಮ ಫೋನ್ ಬರ್ಲಿಲ್ಲ. ನನಗೆ ಊಟ ಸೇರ್ಲಿಲ್ಲ. ಯಾಕೆ ಅಂತ ಈಗ್ಲೇ ಕೇಳ್ಬೇಡಿ.”

“ಕೇಳಲ್ಲ. ಎಷ್ಟು ದಿನ ಬೇಕಾದ್ರೂ ಕೇಳಲ್ಲ.”

ಗೋಡೆಯ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಅವಳು ಚೀಲದಿಂದ ಎರಡು ಡಬ್ಬಿ ತೆಗೆದಳು.

“ಹೊರಗೆ ಬನ್ನಿ.”

“ಇದೊಂದು ಕಂಪ್ಯೂಟರ್ ಕನೆಕ್ಟ್ ಆಗ್ಲಿ...”

“ಗಾಬರಿ ಬೀಳ್ಬೇಡಿ. ಮೊದಲು ಊಟ ಮಾಡಿ. ಆಮೇಲೆ ನೋಡೋಣ.”

ಗುರುದತ್ತ ಬೆರಗಾಗಿ ನೋಡಿದ. “ಅದು... ಅವರ ಮಾತಲ್ವಾ?”

“ಹೌದು,” ಎಂದಳು ಜಾಹ್ನವಿ, ಡಬ್ಬಿಯ ಮುಚ್ಚಳ ಬಿಚ್ಚುತ್ತ. “ಇವತ್ತು ನಾನು ಹೇಳ್ತಿದೀನಿ.”