ಸಂತಪುರದ ಹದಿನಾಲ್ಕು ಪಂಪುಗಳು

2025ರ ಜನವರಿ 21, ಮಂಗಳವಾರ. ಬೆಳಿಗ್ಗೆ 9.40ಕ್ಕೆ ನಿವೃತ್ತ ಶಿಕ್ಷಕ ಸುಂದರರಾಜ ನೌಬಾದದ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಅಂಗಿಯ ತೋಳಿನಲ್ಲಿ, ಸುಟ್ಟ ವ್ಯಾನು ನೋಡಲು ಹೋದಾಗ ಹತ್ತಿದ ಮಸಿ ಇನ್ನೂ ಇತ್ತು. ಬೀದರಿನ ಚಿದ್ರಿಯವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಖಾಲಿ ರಟ್ಟಿನ ಡಬ್ಬಿ.

ಪಿಎಸ್‌ಐ ಬಸವೇಶ್ವರಿ ಕುರ್ಚಿ ತೋರಿಸಿದಳು.

“ಕೂಡ್ರಿ ಮಾಸ್ತರರೆ. ಏನಾಯ್ತು?”

“ನಿನ್ನೆ ಸಂಜಿಗಿ ನನ್ನ ಮಗನ ವ್ಯಾನಿಗಿ ಬೆಂಕಿ ಹತ್ತೇದರಿ. ಭಾಲ್ಕಿ ರಸ್ತಾದಾಗ. ಒಳಗ ಸೊಸಿ ಇದ್ದಳು. ದಿನ ತುಂಬಿದ್ದಿಲ್ಲ, ಏಳು ತಿಂಗಳು.”

“ಈಗ ಹ್ಯಾಂಗದಾರ?”

“ಹೆರಿಗಿ ಆಯ್ತು. ಹೆಣ್ಣು ಕೂಸು. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ಡಾಕ್ಟರು ಎರಡು ದಿನ ಏನೂ ಕೇಳಬ್ಯಾಡ್ರಿ ಅಂದಾರ.”

ಮಗ ಪಾಲ, ಸೊಸೆ ಶೈನಿ. ಶೈನಿಯ ತವರು ಭಾಲ್ಕಿ. ಅಲ್ಲಿಂದ ಇಬ್ಬರೂ ಮರಳುತ್ತಿದ್ದಾಗ ವ್ಯಾನು ನಡುರಸ್ತೆಯಲ್ಲಿ ನಿಂತಿತು. ಪೆಟ್ರೋಲಿನ ವಾಸನೆ ಬಡಿಯಿತು. ಪಾಲ ಹೆಂಡತಿಯನ್ನು ಕೆಳಗಿಳಿಸಿ ಇನ್ನೊಮ್ಮೆ ಚಾವಿ ತಿರುಗಿಸಿದ್ದೇ ತಡ, ಹಿಂದಿನ ಸೀಟಿನಡಿಯಿಂದ ಜ್ವಾಲೆ ಎದ್ದಿತು. ಹಿಂದೆ ಬರುತ್ತಿದ್ದ ಟೆಂಪೋದವರು ಹಸಿ ಗೋಣಿತಟ್ಟು ಹೊದಿಸಿ ಆರಿಸಿದರು. ಅದೇ ಟೆಂಪೋದಲ್ಲಿ ಶೈನಿ ಆಸ್ಪತ್ರೆ ಸೇರಿದಳು.

“ಹತ್ತು ದಿನದ ಹಿಂದ ಪಂಪ ಬದಲಿ ಮಾಡಿಸಿದ್ದರಿ. ಟಾಕಿಯೊಳಗಿಂದ ಇಂಜಿನಿಗಿ ಪೆಟ್ರೋಲ ತಳ್ಳತದಲ್ಲ, ಆ ಪಂಪ. ಹೊಸಾದು ಅಂತ ತಂದಿದ್ದ. ಡಬ್ಬಿ ಇದೇ.”

ಬಸವೇಶ್ವರಿ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಮುದ್ರಣವೇನೋ ಅಚ್ಚುಕಟ್ಟಾಗಿತ್ತು. ತಯಾರಾದ ತಿಂಗಳು ಹಾಕಬೇಕಾದ ಜಾಗ ಮಾತ್ರ ಬರಿದಾಗಿತ್ತು.

10.25ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯಡಿ ಮೋಸಕ್ಕೆ ಕಲಂ 318, ಜೀವಕ್ಕೆ ಅಪಾಯ ತಂದದ್ದಕ್ಕೆ ಕಲಂ 125. ಕೂಸು ಉಳಿಯದಿದ್ದರೆ ನಿರ್ಲಕ್ಷ್ಯದ ಸಾವಿನ ಕಲಂ 106 ಸೇರಿಸಬೇಕಾಗುತ್ತದೆ ಎಂಬುದು ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಹಣಮಂತಪ್ಪನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಅಂಕಿಯನ್ನು ಬಾಯಿಗೆ ತರಲಿಲ್ಲ.

11.30ಕ್ಕೆ ಸ್ಥಳ ಪಂಚನಾಮೆ. ವ್ಯಾನು ರಸ್ತೆಯ ಅಂಚಿನಲ್ಲಿತ್ತು. ಪಂಪನ್ನು ಕೂಡಿಸಿದ ಚಿದ್ರಿಯ ಮೆಕ್ಯಾನಿಕ್ ಖಾಲಿದನನ್ನು ಅಲ್ಲಿಗೇ ಕರೆಸಿದ್ದರು. ಅವನ ಮುಖ ಬಿಳಿಚಿತ್ತು.

“ಪಾರ್ಟ ಗಿರಾಕಿನೇ ತಂದಿದ್ದರಿ ಮೇಡಂ. ನಾ ಬರೇ ಕೂಡಿಸೇನಿ.”

“ನಿನ್ನ ಮ್ಯಾಲ ಈಗ ಏನೂ ಹೇಳಿಲ್ಲ. ಪಂಪ ತಗಿ. ಪಂಚರ ಕಣ್ಣಮುಂದ ತಗಿ.”

ಟಾಕಿಯ ಮೇಲ್ಭಾಗ ಸುಟ್ಟಿದ್ದರೂ ಪಂಪು ಒಳಗಿದ್ದುದರಿಂದ ಉಳಿದಿತ್ತು. ಪಂಪು ಟಾಕಿಯ ಬಾಯಿಗೆ ಕೂಡುವಲ್ಲಿ ಹಾಕಿದ್ದ ರಬ್ಬರ್ ರಿಂಗಿನಲ್ಲಿ ಸುಡದೆ ಉಳಿದ ಭಾಗ ನೀರಲ್ಲಿ ನೆನೆದ ಶ್ಯಾವಿಗೆಯಂತೆ ಉಬ್ಬಿತ್ತು. ಖಾಲಿದ ಅದನ್ನು ಬೆರಳಲ್ಲಿ ಒತ್ತಿದ. ತುಂಡಾಯಿತು.

“ಇದು ಹಳೇ ನಮೂನಿ ರಬ್ಬರರಿ. ಈಗಿನ ಪೆಟ್ರೋಲದಾಗ ಎಥೆನಾಲ ಇರ್ತದ, ಈ ರಬ್ಬರ ತಡಿಯಂಗಿಲ್ಲ. ಸಂದಿ ಬಿಟ್ಟು ಪೆಟ್ರೋಲ ಹೊರಗ ಬಂದದ. ಮ್ಯಾಲ ವಾಯರ ಅದ. ಒಂದು ಕಿಡಿ ಸಾಕು.”

“ಪಂಪ ಹೊಸಾದೇನು?”

ಅವನು ಹೊರಮೈಯ ಬಣ್ಣವನ್ನು ಉಗುರಿನಿಂದ ಕೆರೆದ. ಅಡಿಯಲ್ಲಿ ಸವೆದ ಹಳೆ ಮೈ ಕಂಡಿತು.

“ಹಳೇದು. ಆದರ ಬೆಸುಗಿ ನೋಡ್ರಿ. ಮಷೀನಿಂದಲ್ಲ, ಕೈಲೆ ಹಾಕಿದ್ದು. ಬೀದರದಾಗ ಇಷ್ಟು ಚಂದ ಬೆಸಿಯೋ ಕೈ ನಾ ನೋಡಿಲ್ಲ.” ಪಂಪನ್ನು ಪಂಚರ ಮುಂದಿಟ್ಟು ಮತ್ತೆ ಹೇಳಿದ, “ಒಂದಕ್ಕಾಗಿ ಯಾರೂ ಡಬ್ಬಿ ಛಾಪಸಂಗಿಲ್ಲರಿ ಮೇಡಂ. ಇನ್ನೂ ಇರಬೇಕು.”

ಬಸವೇಶ್ವರಿ ರಸ್ತೆಯತ್ತ ತಿರುಗಿದಳು. ರಸ್ತೆಯಲ್ಲಿ ಒಂದರ ಹಿಂದೊಂದು ವ್ಯಾನು ಹೋಗುತ್ತಿದ್ದವು. ಅವುಗಳಲ್ಲಿ ಯಾವುದರ ಸೀಟಿನಡಿ ಇಂಥ ರಿಂಗು ಉಬ್ಬುತ್ತಿದೆಯೋ ಎಂದು ಅವಳು ಪ್ರತಿಯೊಂದನ್ನೂ ನೋಡತೊಡಗಿದಳು.

ಪಾಲ ಆಸ್ಪತ್ರೆಯ ಪಡಸಾಲೆಯಲ್ಲಿದ್ದ. ಎರಡೂ ಅಂಗೈಗೆ ಪಟ್ಟಿ ಸುತ್ತಿದ್ದರು.

“ಎಲ್ಲಿ ತಗೊಂಡ್ರಿ?”

“ಬೀದರದಾಗ ನಾಕು ಅಂಗಡಿ ತಿರಗಿದೆರಿ. ಎಲ್ಲಾ ಕಡಿ ತುಟ್ಟಿ. ಆಮ್ಯಾಲ ಭಾಲ್ಕಿಯಾಗ ಭೀಮಬಾಯಿ ಅವರ ಅಂಗಡ್ಯಾಗ ಅರ್ಧಕ್ಕ ಸಿಕ್ತು.” ಅವನು ಗಾಜಿನ ಬಾಗಿಲ ಕಡೆಗೆ ನೋಡಿದ. “ಅರ್ಧಕ್ಕ ಹ್ಯಾಂಗ ಸಿಗ್ತದಂತ ನಾ ಕೇಳಬೇಕಿತ್ತು.”

ಬಸವೇಶ್ವರಿ ಅಂಗಡಿಯ ಹೆಸರು ಬರೆದುಕೊಂಡಳು. ತನ್ನ ಸ್ಕೂಟರಿಗೆ ಬ್ರೇಕ್ ಹಾಕಿಸುವಾಗ ತಾನೂ ಕೇಳಿರಲಿಲ್ಲ.

1.50ಕ್ಕೆ ಭಾಲ್ಕಿ. ಭೀಮಬಾಯಿ ಐವತ್ತರ ಹೆಂಗಸು. ಗಂಡ ತೀರಿದ ಮೇಲೆ ಬಿಡಿಭಾಗದ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಪೊಲೀಸರನ್ನು ಕಂಡು ತಲೆಯ ಸೆರಗು ಸರಿಮಾಡಿಕೊಂಡಳು.

“ಅಕ್ಕಾ, ಈ ಡಬ್ಬಿ ನಿಮ್ಮ ಅಂಗಡೀದು?”

“ಹೌದರಿ.”

“ಯಾರು ತಂದು ಕೊಡ್ತಾರ?”

“ಸಂತಪುರದ ಶಿವರಾಜಪ್ಪಣ್ಣರಿ. ಮದಲ ಔರಾದದಾಗ ಗ್ಯಾರೇಜ ಇಟ್ಟಿದ್ದರು. ಛಲೋ ಮನಷಾ.”

“ಬಿಲ್ಲು?”

“ಕೇಳೀನಿ. ಮುಂದ ಕೊಡ್ತೀನಿ ಅಂದರು.”

ಕಪಾಟಿನಲ್ಲಿ ನಾಲ್ಕು ಡಬ್ಬಿ ಉಳಿದಿದ್ದವು. ಆರು ಮಾರಾಟವಾಗಿದ್ದವು, ಒಂದು ಪಾಲನಿಗೆ. ಉಳಿದ ಐವರೂ ಫೋನಿನಲ್ಲಿ ಹಣ ಹಾಕಿದ್ದರಿಂದ ನಂಬರು ಸಿಕ್ಕಿತು. ಬಸವೇಶ್ವರಿ ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಒಬ್ಬೊಬ್ಬರಿಗೂ ಕರೆ ಮಾಡಿದಳು: ಗಾಡಿ ನಿಲ್ಲಿಸ್ರಿ, ಚಾವಿ ತಿರಗಿಸಬ್ಯಾಡ್ರಿ, ಹತ್ತಿರ ಬೆಂಕಿ ತರಬ್ಯಾಡ್ರಿ. ನಾಲ್ವರು ಎತ್ತಿದರು. ಐದನೆಯವನು ಎತ್ತಲಿಲ್ಲ. ಆರು ಸಲ ಮಾಡಿದಳು. ಏಳನೆಯ ಸಲ ಎತ್ತಿ, ಹೊಲದಲ್ಲಿದ್ದೆ ಎಂದ. ಗಾಡಿ ಮನೆ ಮುಂದೆಯೇ ಇತ್ತಂತೆ. ಅವಳ ಸಮವಸ್ತ್ರ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು, ಜನವರಿಯಲ್ಲೂ.

4.20ಕ್ಕೆ ಜೀಪು ಸಂತಪುರ ಮುಟ್ಟಿತು. ಶಿವರಾಜಪ್ಪ ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ಕೆಲಸದಲ್ಲಿದ್ದ. ಹಣೆಯ ಮೇಲೆ ವಿಭೂತಿ, ವಯಸ್ಸು ಅರವತ್ತರ ಹತ್ತಿರ. ಸಮವಸ್ತ್ರ ಕಂಡವನೇ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು ಸ್ವಿಚ್ಚು ಆರಿಸಿದ. ಓಡುವ ಯೋಚನೆ ಮಾಡಲಿಲ್ಲ.

ಜಪ್ತಿ ಪಂಚನಾಮೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎರಡು ಸಿದ್ಧ ಪಂಪು, ಮಡಚಿಟ್ಟ ಡಬ್ಬಿಗಳ ಕಟ್ಟು, ಒಂದು ಡಬರಿಯಲ್ಲಿ ರಬ್ಬರ್ ರಿಂಗು.

“ಈ ರಿಂಗು ಹಾಕಿದ್ದು ಒಟ್ಟು ಎಷ್ಟು?”

“ಹದಿನಾಕು.”

“ಭೀಮಬಾಯಿ ಕಡಿ ಹತ್ತು. ಇಲ್ಲಿ ಎರಡು. ಇನ್ನೆರಡು ಎಲ್ಲಿ?”

“ಒಂದು ಡಿಸೆಂಬರದಾಗ ತಿರಗಿ ಬಂತು.”

“ಇನ್ನೊಂದು?”

ಅವನು ಕನ್ನಡಕ ತೆಗೆದ.

“ಭಾಲ್ಕಿ ರಸ್ತಾದಾಗ ಗಾಡಿ ಸುಟ್ಟದ್ದು ನನ್ನ ಪಂಪಿನಿಂದೇನರಿ?”

“ಹೌದು. ಏಳು ತಿಂಗಳ ಬಸುರಿ ಇದ್ದಳು. ಇನ್ನೊಂದು ಎಲ್ಲದ ಹೇಳ್ರಿ.”

“ಔರಾದದ ನೀಲಿ ವ್ಯಾನರಿ. ಬೀದರ ಆಸ್ಪತ್ರಿಗೋಳಿಗಿ ಕೆಲಸಕ್ಕ ಹೋಗೋ ಹೆಣ್ಮಕ್ಕಳನ್ನ ಒಯ್ದು ತರ್ತದ. ನಾನೇ ಕೂಡಿಸೇನಿ. ಐದಕ್ಕ ಬೀದರ ಬಿಡ್ತದ.”

ಗಂಟೆ 5.05. ಚಾಲಕನ ಫೋನು ಬಂದ್. ಬೀದರಿನ ಠಾಣೆಗಳಿಗೆ ವೈರ್‌ಲೆಸ್ ಹೋಯಿತು. ವ್ಯಾನು ಆಗಲೇ ಊರು ದಾಟಿತ್ತು. ಎದುರಿಗೆ ಹೋಗಿ ತಡೆಯುವುದೋ, ಇಲ್ಲೇ ಕಾಯುವುದೋ? ಎದುರಿಗೆ ಹೋಗಿ ಗುರುತು ತಪ್ಪಿದರೆ ಎಂಬ ಭಯಕ್ಕೆ ಅವಳು ಶಿವರಾಜಪ್ಪನನ್ನೇ ಜೀಪಿನ ಮುಂದಿನ ಸೀಟಿಗೆ ಹತ್ತಿಸಿದಳು. ಹಣಮಂತಪ್ಪ ಓಡಿಸುತ್ತಿದ್ದ. ಎದುರಿನಿಂದ ನೀಲಿ ಬಣ್ಣ ಕಂಡಾಗೆಲ್ಲ ಮೂವರೂ ಒಟ್ಟಿಗೆ ಮುಂದಕ್ಕೆ ಬಾಗುತ್ತಿದ್ದರು. ಒಂದು ಹಾಲಿನ ಗಾಡಿ. ಇನ್ನೊಂದು ಮದುವೆ ಸಾಮಾನಿನದು. ದೂರದಲ್ಲಿ ಹೊಲದವರು ಕಸಕ್ಕೆ ಹಚ್ಚಿದ ಹೊಗೆ ಎದ್ದದ್ದನ್ನು ನೋಡಿ ಬಸವೇಶ್ವರಿ ಜೋರಾಗಿ ಓಡಿಸಲು ಹೇಳಿದಳು. ಅದು ಕಸವೇ ಎಂದು ಖಾತ್ರಿಯಾಗುವ ತನಕ ಅವಳು ಅದರಿಂದ ಕಣ್ಣು ತೆಗೆಯಲಿಲ್ಲ.

“ಅದೇರಿ,” ಎಂದ ಶಿವರಾಜಪ್ಪ, 5.32ಕ್ಕೆ.

ಜೀಪು ಅಡ್ಡ ನಿಂತಿತು. ವ್ಯಾನಿನ ಕಿಟಕಿಗಳೆಲ್ಲ ತೆರೆದಿದ್ದವು. ಹನ್ನೊಂದು ಹೆಂಗಸರು, ಎಲ್ಲರ ಮೂಗಿನ ಮೇಲೂ ಸೆರಗೋ ದುಪಟ್ಟಾವೋ ಇತ್ತು.

“ಇಂಜಿನ ಬಂದ ಮಾಡು. ಎಲ್ಲರೂ ಇಳಿದು ದೂರ ಹೋಗ್ರಿ. ಸಾಮಾನು ಅಲ್ಲೇ ಬಿಡ್ರಿ.”

“ಏನಾಯ್ತರಿ ಮೇಡಂ?” ನರ್ಸಿನ ಸೀರೆಯುಟ್ಟ ಒಬ್ಬಾಕೆ ಕೇಳಿದಳು.

“ಮೂಗು ಯಾಕ ಮುಚ್ಚೀರಿ?”

“ನಾಕು ದಿನ ಆಯ್ತರಿ, ಪೆಟ್ರೋಲ ವಾಸನಿ. ರಿಪೇರಿ ಮಾಡಸ್ತೀನಿ ಅಂತಾನ.”

ಅವರು ಹೊಲದ ಬದುವಿನ ತನಕ ಹೋದರು. ಖಾಲಿದ ಬೀದರಿನಲ್ಲಿದ್ದ, ಬರಲು ಅರ್ಧ ತಾಸು. ಸೀಟಿನಡಿಯಿಂದ ಒಸರಿದ್ದು ಡಾಂಬರಿನ ಮೇಲೆ ಹನಿಯುತ್ತಿತ್ತು. ಅಗ್ನಿಶಾಮಕದವರಿಗೆ ಕರೆ ಹೋಯಿತು.

“ಬ್ಯಾಟರಿ ತಂತಿ ಈಗ ಬಿಚ್ಚಬೇಕರಿ,” ಎಂದ ಶಿವರಾಜಪ್ಪ. “ಆ ಡ್ರೈವರ ಹುಡಗಗ ಗೊತ್ತಾಗಂಗಿಲ್ಲ. ನನ್ನ ಬಿಡ್ರಿ.”

ಆರೋಪಿಯ ಕೈಗೆ ಸ್ಪ್ಯಾನರ್ ಕೊಡುವುದು ಯಾವ ನಿಯಮದಲ್ಲೂ ಇಲ್ಲ. ಬಸವೇಶ್ವರಿ ಒಂದು ಕ್ಷಣ ವ್ಯಾನನ್ನು ನೋಡಿದಳು, ಸಾಲುಗಟ್ಟಿ ನಿಂತ ಬಸ್ಸು ಲಾರಿಗಳನ್ನು ನೋಡಿದಳು. ಕೊಟ್ಟಳು. ತಾನೂ ಅವನ ಪಕ್ಕದಲ್ಲೇ ನಿಂತಳು.

ತಂತಿ ಬಿಚ್ಚಿದ. ಸೀಟು ಎತ್ತಿದ. ರಿಂಗು ಅವನ ಬೆರಳಿಗೆ ಚೂರುಚೂರಾಗಿ ಬಂತು. ಟಾಕಿಯ ಬಾಯಿಗೆ ಹಸಿ ಬಟ್ಟೆ ತುರುಕಿ ಕೆಳಗಿಳಿದು ರಸ್ತೆಯ ಬದಿಗೆ ಕುಕ್ಕರಗಾಲಿನಲ್ಲಿ ಕುಳಿತ.

“ಡಿಸೆಂಬರದಾಗ ತಿರಗಿ ಬಂದಿದ್ದರ ರಿಂಗು ಹ್ಯಾಂಗಿತ್ತು?”

“ಹಿಂಗೇ ಉಬ್ಬಿತ್ತು.”

“ಅಂದ್ರ ಗೊತ್ತಿತ್ತು.”

“ಗೊತ್ತಿತ್ತರಿ. ಅವಗ ಛಲೋ ರಿಂಗು ಹಾಕಿ ಬದಲಿ ಮಾಡಿ ಕೊಟ್ಟೆ.”

“ಉಳಿದವರಿಗಿ ಯಾಕ ಹೇಳಲಿಲ್ಲ?”

“ಹೇಳಿದ್ರ ಡಬ್ಬಿ ಸುಳ್ಳಂತ ಗೊತ್ತಾಗ್ತಿತ್ತು.”

6.10ಕ್ಕೆ ದಸ್ತಗಿರಿ. ಕಾರಣಗಳನ್ನು ಓದಿ ಹೇಳಿ ಸಹಿ ಪಡೆದರು. ಜೀಪು ಬೀದರಿನ ದಾರಿ ಹಿಡಿದಾಗ ಸುಂದರರಾಜರ ಫೋನು ಬಂತು. ಹೆಸರು ನೋಡಿ ಬಸವೇಶ್ವರಿ ಎತ್ತಲು ಎರಡು ರಿಂಗಣ ತಡಮಾಡಿದಳು.

“ಕೂಸು ತಾನೇ ಉಸಿರಾಡ್ಲಿಕತ್ತದರಿ. ನಳಿ ತಗದಾರ. ಇನ್ನೂ ಒಳಗೇ ಇಡ್ತಾರಂತ.”

ಶಿವರಾಜಪ್ಪನಿಗೆ ಅವಳು ಹೇಳಿದಳು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬೀದರ ಮುಟ್ಟುವ ತನಕ ಹಾಗೆಯೇ ಇದ್ದ.

ಮರುದಿನದ ಹೇಳಿಕೆಯಲ್ಲಿ ಉಳಿದದ್ದು ಬಂತು. ಎರಡು ವರ್ಷ ಅವನು ಪಂಪು ರಿಪೇರಿ ಮಾಡಿ ರಿಪೇರಿಯದು ಎಂದೇ ಹೇಳಿ ಮಾರಲು ನೋಡಿದ್ದ. ಪ್ರತಿಯೊಂದಕ್ಕೂ ತನ್ನ ಹೆಸರು, ಊರು, ಆರು ತಿಂಗಳ ಖಾತ್ರಿ ಬರೆದ ಚೀಟಿ ಕಟ್ಟಿದ್ದ. ಆಗ ಸರಿಯಾದ ರಿಂಗನ್ನೇ ಹಾಕುತ್ತಿದ್ದ. ಅಂಗಡಿಯವರು ಹೊರಳಿಸಿ ನೋಡಿ, ಸಂತಪುರದ ಮಾಲು ಯಾರು ಒಯ್ತಾರ ಎಂದು ಮರಳಿಸಿದರು. ಒಂದು ಸಲ ಸಿಟ್ಟಿನಲ್ಲಿ ಚೀಟಿ ಹರಿದು ಅದೇ ಪಂಪನ್ನು ಕಂಪನಿಯದೆಂಬಂತೆ ಛಾಪಿಸಿದ ಡಬ್ಬಿಗೆ ಹಾಕಿ ಕೊಟ್ಟ. ಸಂಜೆಯೊಳಗೆ ಹೋಯಿತು. ಯಾರೂ ಬಿಚ್ಚಿ ಕೂಡ ನೋಡಲಿಲ್ಲ. ತನ್ನ ಕೆಲಸಕ್ಕೆ ಬೆಲೆಯೇ ಇಲ್ಲದ ಮೇಲೆ ರಿಂಗು ಯಾವುದಾದರೇನು ಎಂದು ಅವತ್ತಿನಿಂದ ಅನಿಸತೊಡಗಿತು ಎಂದ.

ಬಸವೇಶ್ವರಿ ಅದನ್ನು ಹೇಳಿದಂತೆಯೇ ಬರೆಸಿ ಓದಿ ಹೇಳಿದಳು. ಏನಾದರೂ ಬದಲಿಸಬೇಕೇ ಎಂದು ಕೇಳಿದಳು.

“ಬ್ಯಾಡರಿ,” ಎಂದ ಶಿವರಾಜಪ್ಪ. “ಅವು ಹದಿನಾಕೂ ನನ್ನವೇ ಅಂತ ಬರೀರಿ, ಅಷ್ಟೇ.”

ಹಣಮಂತಪ್ಪ ಆ ಸಾಲನ್ನು ಸೇರಿಸಿದ. ಶಿವರಾಜಪ್ಪ ಅದರ ಕೆಳಗೆ ತನ್ನ ಹೆಸರು, ಊರು ಎರಡನ್ನೂ ನಿಧಾನವಾಗಿ, ಅಂದವಾಗಿ ಬರೆದ.