ಕೊಕ್ಕರೆ ರೋಗಕ್ಕೆ ಬಗ್ಗದ ಹುಂಜ

೨೦೦೧. ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಮೂಡಿಗೆರೆಯ ಆ ಮನೆಯ ಹಿಂದೆ ಮೇಘಶ್ರೀ ಕೋಳಿಗಳಿಗೆ ನುಚ್ಚು ಎರಚುತ್ತಿದ್ದಳು.

"ನನ್ನ ಹುಂಜ ಎಲ್ಲಿ?"

ಬೇಲಿಯಾಚೆ ಅಪರಿಚಿತನೊಬ್ಬ ನಿಂತಿದ್ದ.

"ಯಾರು ನೀವು?"

"ಶಂಕರ. ಕಳಸದವನು. ದಿಲೀಪ್ ಅವ್ರು ಸ್ವಲ್ಪ ದಿನಕ್ಕೆ ಅಂತ ಕೇಳಿ ತಂದಿದ್ರು. ಅದು ಚೌಡಿಗೆ ಹರಕೆ ಬಿಟ್ಟ ಹುಂಜ. ಈ ಅಮಾವಾಸ್ಯೆಗೆ ಒಪ್ಪಿಸ್ಬೇಕು."

ಗಂಡ ದಿಲೀಪ್‌ನ ಚಿತೆ ಆರಿ ಇನ್ನೂ ತಿಂಗಳೂ ಆಗಿಲ್ಲ... ಇವನಿಗೆ ಕೋಳಿಯ ಚಿಂತೆ!

"ಕೊಡಲ್ಲ."

ಕಳಸದ ಶಂಕರನ ಕೇರಿಗೆ ಕೋಳಿಗಳನ್ನು ಸಾಲಾಗಿ ಕೊಲ್ಲುವ ಕೊಕ್ಕರೆ ರೋಗ ಬಂದಾಗ ಉಳಿದದ್ದು ಈ ಬೋಳುಕತ್ತಿನ ಹುಂಜ ಒಂದೇ. ಹೆಬ್ಬಾಳದಲ್ಲಿ ಕೋಳಿಗಳ ತಳಿಶಾಸ್ತ್ರ ಓದಿದ ಗಂಡ ಹೆಂಡತಿ ಅದರ ಮರಿಗಳಿಗಾಗಿ ಕಾದಿದ್ದರು. ಆದರೆ ಸೂತಕ ಕಳೆಯಲು ಮನೆ ತೊಳೆದ ನೆಂಟರು, ಕಾವಿಗೆ ಕೂತ ಹೇಂಟೆಯನ್ನೂ ಎಬ್ಬಿಸಿ ಓಡಿಸಿದ್ದರು. ಮೊಟ್ಟೆಗಳೆಲ್ಲ ತಣ್ಣಗಾಗಿದ್ದವು.

"ಒಂದು ಹುಂಜ ಬದುಕಿದ್ದು ಅದೃಷ್ಟ ಇರಬಹುದು. ಮರಿಗಳೂ ಬದುಕಿದ್ರೆ ಮಾತ್ರ ರೋಗ ತಡೆಯೋ ಶಕ್ತಿ ರಕ್ತದಲ್ಲೇ ಇದೆ ಅಂತ ಗೊತ್ತಾಗೋದು. ಈಗ ಕುಯ್ದರೆ ದಿಲೀಪ್ ಮಾಡಿದ್ದೆಲ್ಲ ಮುಗೀತು."

"ಚೌಡಿಗೆ ಇದನ್ನೇ ಹೇಳ್ಲಾ? ಹುಂಜ ಇಲ್ಲದೆ ಹೋದ್ರೆ ನಮ್ಮವ್ವ ನನ್ನನ್ನೇ ಕುಯ್ತಾಳೆ!"

ಅವಳು ನಗಲಿಲ್ಲ. ಅಳಲೂ ಇಲ್ಲ. ಆ ಒಣಗಿದ ಕಣ್ಣು ನೋಡಿ ಶಂಕರ ತಲೆ ತಗ್ಗಿಸಿದ.

"ಮರಿ ದೊಡ್ಡದಾಗೋ ತನಕ ಇಟ್ಕೊಳ್ಳಿ. ಅವ್ವನಿಗೆ ಏನಾದ್ರೂ ಹೇಳ್ತೀನಿ."

ಮರಿಗಳಾದವು. ಸಂತೆಗೆ ಬಂದಾಗಲೆಲ್ಲ ಶಂಕರ ಬೇಲಿಯ ಬಳಿ ನಿಲ್ಲುತ್ತಿದ್ದ. "ಹುಂಜ ಹೇಗಿದೆ?"

ಕಾವಲು ಕಾಯಲು ಬರುತ್ತಾನೆ... ಎಂದುಕೊಂಡಳು. ಒಂದು ದಿನ ಸಿಡಿದಳು. "ನಂಬಿಕೆ ಇಲ್ಲದಿದ್ರೆ ಈಗಲೇ ತಗೊಂಡ್ಹೋಗಿ!"

ಅವನು ಹುಂಜವನ್ನು ಮುಟ್ಟದೆ ಹೋದ. ಮತ್ತೆ ಬರಲಿಲ್ಲ. ಕಾಫಿ ಕುಯ್ಲಿರಬೇಕು ಎಂದುಕೊಂಡಳು. ಕುಯ್ಲು ಮುಗಿಯಿತು. ಬೇಲಿಯ ಕಡೆ ನೋಡುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ.

ಬೇಸಿಗೆಯಲ್ಲಿ ರೋಗ ಮೂಡಿಗೆರೆಗೂ ಬಂತು. ಪಕ್ಕದ ಮನೆಯ ಕೋಳಿಗಳು ಕತ್ತು ತಿರುಚಿಕೊಂಡು ಬಿದ್ದವು.

"ಲಸಿಕೆ ಹಾಕಿಸಮ್ಮ, ಹಟ ಬೇಡ," ಎಂದ ಪಕ್ಕದ ಮನೆಯ ಜವರಯ್ಯ.

ಹಾಕಿದರೆ ಮರಿಗಳನ್ನು ಉಳಿಸಿದ್ದು ರಕ್ತವೋ ಲಸಿಕೆಯೋ ತಿಳಿಯುವುದೇ ಇಲ್ಲ. ಹಾಕದಿದ್ದರೆ... ಎಲ್ಲವೂ ಸಾಯಬಹುದು. ಆದರೂ ಅವಳು ಹಾಕಲಿಲ್ಲ.

ಮರಿಗಳು ಸಾಯತೊಡಗಿದವು. ಹೋಲಿಸಿ ನೋಡಲು ಜೊತೆಗೇ ಸಾಕಿದ್ದ ಬೇರೆ ಹುಂಜದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಬೋಳುಕತ್ತಿನ ಹುಂಜದ ಮರಿಗಳೋ, ಹೆಚ್ಚಿನವು ಎದ್ದು ನಿಂತು ನುಚ್ಚು ಹೆಕ್ಕಿದವು! ದಿಲೀಪ್ ಹೋದಾಗ ಬಾರದ ಅಳು ಆಗ ಬಂತು. ಗೂಡಿನ ಮುಂದೆ ಕುಸಿದು ಕೂತು ಅತ್ತಳು.

ಈ ಸುದ್ದಿಯನ್ನು ಹೇಳಬೇಕೆನಿಸಿದ್ದು ಒಬ್ಬನಿಗೇ.

ಕಳಸದಲ್ಲಿ ಬಾಗಿಲು ತೆರೆದವಳು ಶಂಕರನ ತಾಯಿ ದ್ಯಾವಮ್ಮ. "ನೀನೇನಾ ನನ್ನ ಮಗನ ಬಾಯಿ ಕಟ್ಟಿ ಹಾಕಿದವಳು? ಊಟಕ್ಕೆ ಕರೆದ್ರೂ ಮಾತಿಲ್ಲ ಮಾರಾಯ್ತಿ!"

ಶಂಕರ ಓಡಿ ಬಂದು, ಅವಳನ್ನು ಕಂಡು ನಿಂತುಬಿಟ್ಟ.

"ಮರಿಗಳು ಬದುಕಿದ್ವು," ಎಂದಳು. "ದಿಲೀಪ್ ತಂದಿದ್ದನ್ನ ವಾಪಸ್ ಕೊಡೋಕೆ ಬಂದೆ."

"ನಾನು ಬರ್ತಿದ್ದದ್ದು ಹುಂಜ ನೋಡೋಕಲ್ಲ, ಮೇಘಶ್ರೀ."

"ಗೊತ್ತಾಗೋಕೆ ತಡವಾಯ್ತು..."

"ಇನ್ಮೇಲೆ ಬರೋಕೆ ನೆಪವೂ ಇಲ್ಲ."

"ನೆಪ ಯಾಕೆ? ನೀವೇ ಬನ್ನಿ," ಎನ್ನುತ್ತಾ ಅವಳು ಹುಂಜದ ಬುಟ್ಟಿಯನ್ನು ಅವನ ಕೈಗಿತ್ತಳು.