ಹೆಸರಿನ ತುತ್ತು

“ಈ ಮೀನು ಬ್ಯಾಡ ಸಾಹೇಬ್ರೆ. ಚೌಡಿಹೊಂಡದ್ದು. ಇದನ್ನ ಮನೇಲಿಟ್ಟು ತುತ್ತು ಹಾಕ್ಬಾರ್ದು.”

ಬಲೆಯನ್ನು ಪೂರ್ತಿ ಎತ್ತಲು ಮನಸ್ಸಿಲ್ಲದೆ ಕೆಂಪಪ್ಪ ಮೊಣಕಾಲುದ್ದ ಕೆಸರಿನಲ್ಲಿ ಹಾಗೇ ನಿಂತಿದ್ದ. ಬಲೆಯೊಳಗೆ ಮೊಳದುದ್ದದ ಕೊರವ ಮೀನು. ಹಾವಿನದರಂಥ ಚಪ್ಪಟೆ ತಲೆ, ಪಾಚಿಗಪ್ಪು ಮೈ. ಸಿಕ್ಕಿಬಿದ್ದ ಮೀನು ಒದ್ದಾಡಬೇಕು, ಇದು ಒದ್ದಾಡಲಿಲ್ಲ. ಮೂತಿ ಮೇಲೆತ್ತಿ ‘ಗುಳಕ್’ ಎಂದು ಗಾಳಿ ನುಂಗಿ, ದಡದಲ್ಲಿ ನಿಂತಿದ್ದ ಆನಂದಪ್ಪನ ಕಡೆ ಕಣ್ಣು ನೆಟ್ಟಿತು.

ಆನಂದಪ್ಪ ಸೊರಬಕ್ಕೆ ಹೊಸಬ. ಶಿಕಾರಿಪುರದ ಕಡೆ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಓದಿ, ಮೀನುಗಾರಿಕೆಯ ಸರ್ಕಾರಿ ನೌಕರಿ ಹಿಡಿದವನು. ಮಾಂಸ ತಿನ್ನುವ ಮೀನನ್ನೂ ಗಾಜಿನ ತೊಟ್ಟಿಯಲ್ಲಿಟ್ಟು, ಬೇಕಾದ ಸತ್ವವನ್ನೆಲ್ಲ ಹದವಾಗಿ ಕಲಸಿ ಉಣಿಸಿ ಬೆಳೆಸಬಹುದು ಎಂದು ತೋರಿಸಬೇಕು, ಆ ತೊಟ್ಟಿಯನ್ನು ಸುಗ್ಗಿಯ ಹೊತ್ತಿಗೆ ಶಿಕಾರಿಪುರದ ಕೃಷಿ ಪ್ರದರ್ಶನದಲ್ಲಿ ತನ್ನೂರಿನವರೆದುರೇ ಇಡಬೇಕು ಎಂಬುದು ಅವನ ಹಂಬಲ.

“ತುತ್ತು ಹಾಕಿದ್ರೆ ಏನಾಗ್ತೈತಿ ಕೆಂಪಪ್ಪ? ನನ್ನ ಹೆಸರು ಹಿಡಿದು ಕರೀತೈತೇನು?”

ಕೆಂಪಪ್ಪ ನಗಲಿಲ್ಲ. “ಹಿಂದೆ ಆಗದೋರ ತಲೆಕೂದ್ಲು ತಂದು, ಅನ್ನದುಂಡೇಲಿ ಇಟ್ಟು, ಹೆಸರು ಹೇಳಿ ಈ ಹೊಂಡಕ್ಕೆ ಎಸೀತಿದ್ರು. ಇಲ್ಲಿ ಮೀನು ಉಂಡಂಗೆಲ್ಲ ಅಲ್ಲಿ ಅವ್ರು ಸವೀತಿದ್ರು. ಮನುಷ್ಯರ ಮೇಲೆ ಬೆಳೆದ ಸಂತಾನ ಇದು ಸಾಹೇಬ್ರೆ.”

ಆನಂದಪ್ಪ ಹೊಟ್ಟೆ ಹಿಡಿದು ನಕ್ಕ. ಹಿಂದಿನ ವರ್ಷ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಉದುರಿ, ಜನಕ್ಕೂ ಜ್ವರ ಹತ್ತಿದಾಗ ಊರೂರಲ್ಲಿ ಹರಕೆ ಹೊತ್ತ ಕತೆ ಅವನಿಗೆ ಗೊತ್ತಿತ್ತು. ಕಡೆಗೆ ಡಾಕ್ಟರುಗಳು ಬಂದು ಅದು ಉಣುಗು ಹುಳ ಕಚ್ಚಿ ಬರುವ ಕಾಯಿಲೆ ಎಂದಿದ್ದರು.

“ಮಂಗ ಸತ್ರೂ ಮಾಟ, ಮೀನು ಸಿಕ್ರೂ ಮಾಟ ನಿಮಗ. ಎತ್ತು ಬಲೆ.”

ತೊಟ್ಟಿಯನ್ನು ನಡುಮನೆಯ ಕಿಟಕಿಯ ಪಕ್ಕ ಇಟ್ಟದ್ದಾಯಿತು. ಹೆಂಡತಿ ಜಗದಾಂಬ ಸೊಂಟಕ್ಕೆ ಕೈಯಿಟ್ಟು ನೋಡಿದಳು. ಅವಳು ಈಸೂರಿನವಳು. ಊರಿಗೆ ಊರೇ ಸರ್ಕಾರದ ಎದುರು ನಿಂತದ್ದನ್ನು ಹುಡುಗಿಯಾಗಿ ಕಣ್ಣಾರೆ ಕಂಡವಳು. ಸುಲಭಕ್ಕೆ ಹೆದರುವ ಜೀವವಲ್ಲ. ಜೋರಾಗಿ ನಗುವಳು, ಗಟ್ಟಿಯಾಗಿ ಉಣ್ಣುವಳು, ಎರಡು ಕೊಡ ನೀರನ್ನು ಒಂದೇ ಸಲ ಹೊತ್ತು ತರುವಳು.

“ಮುಖ ನೋಡ್ರಿ ಇದರದ್ದು, ನಮ್ಮ ಸೋದರಮಾವನಂಗೇ ಐತಿ,” ಎಂದು ನಕ್ಕಳು.

ಮೀನು ಮಾತ್ರ ಏನನ್ನೂ ಮುಟ್ಟಲಿಲ್ಲ. ಆನಂದಪ್ಪ ಎರೆಹುಳು ಹಾಕಿದ, ಸೀಗಡಿ ಹಾಕಿದ, ಕೆಂಪಪ್ಪ ಕೆರೆಯಿಂದ ತಂದುಕೊಡುತ್ತಿದ್ದ ಮರಿಮೀನುಗಳನ್ನು ಜೀವಂತ ಬಿಟ್ಟ. ಮರಿಗಳು ಅದರ ಮೂತಿಯ ಮುಂದೆಯೇ ಸುಳಿದಾಡಿ, ಒಂದೊಂದಾಗಿ ತಾವೇ ಸತ್ತು ತೇಲಿದವು. ಕಡೆಗೆ ಜಗದಾಂಬ ಸೆರಗು ಸಿಕ್ಕಿಸಿ ಒರಳಿನ ಮುಂದೆ ಕೂತಳು. ಕುರಿಯ ಕಲೀಜ, ಬೇಯಿಸಿದ ಮೊಟ್ಟೆ, ಸೀಗಡಿ, ನುಗ್ಗೆಸೊಪ್ಪು ಎಲ್ಲ ರುಬ್ಬಿ ಉಂಡೆ ಕಟ್ಟಿದಳು. ರುಬ್ಬುವಾಗ ಅವಳ ಜಡೆಯಿಂದ ಉದುರಿದ ಒಂದು ಎಳೆ ಉಂಡೆಗೆ ಸುತ್ತಿಕೊಂಡಿದ್ದನ್ನು ಆನಂದಪ್ಪ ಕಂಡ. ಮೀನಿಗೇನು, ಎಂದುಕೊಂಡು ಹಾಗೇ ಬಿಟ್ಟ.

“ಜಗದಾಂಬನ ಕೈರುಚಿ, ತಿನ್ನಪ್ಪ,” ಎಂದ ತಮಾಷೆಗೆ.

ನೀರು ಸೀಳಿದ ಸದ್ದು. ಉಂಡೆ ಇರಲಿಲ್ಲ.

ಅಲ್ಲಿಂದ ಮುಂದೆ ಅವಳು ರುಬ್ಬಿದ್ದನ್ನು ಅದು ಬೇಡವೆನ್ನಲಿಲ್ಲ. ಆನಂದಪ್ಪನ ಉತ್ಸಾಹಕ್ಕೆ ಕಡಿವಾಣವಿಲ್ಲದಾಯಿತು. ಕಣ್ಣಿಗೆ ಹೊಳಪು ಬರಲೆಂದು ಮೀನೆಣ್ಣೆ ಬೆರೆಸಿದ. ಮೀನಿನ ಕಣ್ಣು ಹಿತ್ತಾಳೆಯ ಗುಂಡಿಯಂತೆ ಮಿನುಗತೊಡಗಿತು. ಅದೇ ವಾರ ಜಗದಾಂಬ ಮುಸ್ಸಂಜೆ ಹೊಸ್ತಿಲು ಎಡವಿ ಬಿದ್ದಳು.

“ದೀಪ ಹಚ್ಚಿಲ್ಲೇನ್ರಿ?”

ದೀಪ ಅವಳ ಮುಂದೆಯೇ ಉರಿಯುತ್ತಿತ್ತು.

ಮುಳ್ಳು ಬಲಿಯಲೆಂದು ಎಲುಬಿನ ಪುಡಿ ಸೇರಿಸಿದ. ಮೀನು ಬಾಲ ಬೀಸಿದರೆ ತೊಟ್ಟಿಯ ಕಬ್ಬಿಣದ ಚೌಕಟ್ಟು ಕಿರುಗುಟ್ಟುವಷ್ಟು ಬಲ ಬಂತು. ಜಗದಾಂಬ ತುಂಬಿದ ಕೊಡ ಎತ್ತಲು ಹೋದಳು. ಒಣಗಿದ ಕಡ್ಡಿ ಮುರಿದ ಸದ್ದಾಯಿತು. ಅವಳ ಮಣಿಕಟ್ಟು ಮುರಿದಿತ್ತು. ಕಲೀಜ ಹೆಚ್ಚಿಸಿದ, ಮೀನಿನ ಕಿವಿರು ದಾಸವಾಳದಂತೆ ಕೆಂಪಾಯಿತು, ಅವಳ ತುಟಿ ಸುಣ್ಣ ಬಳಿದಂತಾಯಿತು. ಡಾಕ್ಟರು ರಕ್ತ ಕಮ್ಮಿ, ಚೆನ್ನಾಗಿ ಉಣ್ಣಿ ಎಂದರು. ಉಣ್ಣುವುದಕ್ಕೇನು? ಅವಳು ಎರಡಾಳಿನ ಊಟ ಉಣ್ಣುತ್ತಿದ್ದಳು. ತಟ್ಟೆ ಖಾಲಿಯಾದ ಮರುಗಳಿಗೆಯೇ ಹಸಿವು ಎನ್ನುತ್ತಿದ್ದಳು. ಅವಳ ಉಸಿರಿನಲ್ಲಿ ಹೊಂಡದ ಕೆಸರಿನ ವಾಸನೆ ಹೊಡೆಯುತ್ತಿತ್ತು.

ಆನಂದಪ್ಪನ ಬುದ್ಧಿಗೆ ಎಲ್ಲವೂ ಹೊಳೆದಿತ್ತು. ಒಪ್ಪಿಕೊಳ್ಳಲು ಮಾತ್ರ ಅವನ ಓದು ಬಿಡಲಿಲ್ಲ. ಕಡೆಗೊಂದು ಬೆಳಿಗ್ಗೆ, ಪರೀಕ್ಷೆ ಮಾಡಿಯೇ ಬಿಡೋಣವೆಂದು ಮೀನಿಗೆ ಏನನ್ನೂ ಹಾಕದೆ ಕೆಲಸಕ್ಕೆ ಹೊರಟುಹೋದ.

ಮಧ್ಯಾಹ್ನ ಬಂದಾಗ ಜಗದಾಂಬ ತೊಟ್ಟಿಯ ಬುಡದಲ್ಲಿ ಬಿದ್ದಿದ್ದಳು. ಮರಿಮೀನು ತಂದಿದ್ದ ಕೆಂಪಪ್ಪ ಅವಳ ಬಾಯಿಗೆ ನೀರು ಹನಿಸುತ್ತಿದ್ದ. ಅವಳ ತೋಳಿನ ಮೇಲೆ ಅರ್ಧಚಂದ್ರದಂಥ ಗಾಯ. ಸೂಜಿಮೊನೆಯಷ್ಟು ಸಣ್ಣ ಹಲ್ಲುಗುರುತುಗಳ ಸಾಲು. ತೊಟ್ಟಿಯ ಮುಚ್ಚಳ ಮುಚ್ಚಿದ್ದಂತೆಯೇ ಇತ್ತು. ಒಳಗೆ, ಬೆಳಗಿನಿಂದ ಏನೂ ತಿನ್ನದ ಮೀನಿನ ಹೊಟ್ಟೆ ಉಬ್ಬಿತ್ತು.

“ಗುತ್ಯಮ್ಮನ ಹತ್ರ ಹೋಗಿ ಸಾಹೇಬ್ರೆ, ಹೊಂಡದ ದಾರೀಲಿ ಒಂಟಿಮನೆ,” ಎಂದ ಕೆಂಪಪ್ಪ. ತನ್ನ ರುಮಾಲನ್ನು ಬಿಚ್ಚಿ ಮಡಿಸಿ ಅವಳ ತಲೆಯಡಿ ಇಟ್ಟ. “ನೀವು ಬರೋವರೆಗೆ ತಂಗೀನ ನಾನು ನೋಡ್ಕೊಳ್ತೀನಿ.”

ಗುತ್ಯಮ್ಮನ ಮನೆಯೊಳಗೆ ಹಗಲಿನಲ್ಲೂ ಕತ್ತಲು. ಸುಟ್ಟ ಕೂದಲಿನದೋ ಹಳೆಯ ಎಣ್ಣೆಯದೋ ತಿಳಿಯದ ಕಮಟು. ಹೊಂಡಕ್ಕೆ ತುತ್ತು ಎಸೆಯುತ್ತಿದ್ದವಳು ಈ ಮುದುಕಿಯ ತಾಯಿ ಎಂದು ಊರಿನ ಮಾತು. ಅವಳು ಇವನ ಮುಖ ನೋಡಲಿಲ್ಲ.

“ಕೂದ್ಲು ಬಿತ್ತಾ? ಹೆಸರು ಹೇಳಿದ್ರಾ?”

“ತಮಾಷೆಗೆ... ಹೇಳಿದೆ.”

“ಅದಕ್ಕೆ ತಮಾಷೆ ತಿಳಿಯಲ್ಲ.”

“ಕೊಂದ್ಬಿಡ್ತೀನಿ ಅದನ್ನ.”

“ಕೊಂದ್ರೆ ಅವ್ಳೂ ಹೋಗ್ತಾಳೆ. ಹೊಂಡಕ್ಕೆ ಬಿಟ್ರೆ ಅಲ್ಲಿಂದ್ಲೇ ಮೇಯ್ತದೆ. ಉಪವಾಸ ಹಾಕಿದ್ರೆ ಏನಾಯ್ತು, ನೋಡಿ ಬಂದಿದೀರಿ.” ಮುದುಕಿ ಬಾಯೊಳಗಿನ ಎಲೆಯಡಿಕೆಯನ್ನು ಮೆಲ್ಲಗೆ ಜಗಿದಳು. “ಒಂದೇ ದಾರಿ. ಬೇರೆ ಕೂದ್ಲು. ಬೇರೆ ಹೆಸರು.”

“ಯಾರದು?”

“ಅದನ್ನ ನಾ ಹೇಳಲ್ಲ. ಕೈ ನಿಮ್ದು, ಬಾಯಿ ನಿಮ್ದು.”

ತನ್ನದೇ ಹೆಸರು ಕೊಡುತ್ತೇನೆಂದು ಆನಂದಪ್ಪ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದ. ತಪ್ಪು ತನ್ನದು, ಮೈಯೂ ತನ್ನದೇ ಹೋಗಲಿ. ಆಕಾಶ ಕಪ್ಪಗೆ ಕವಿದು ಬಂದಿತ್ತು. ಅವನು ಬಂದದ್ದೇ ಕೆಂಪಪ್ಪ ಡಾಕ್ಟರನ್ನು ಕರೆತರಲು ಬರಿದಲೆಯಲ್ಲೇ ಓಡಿದ. ಜಗದಾಂಬನ ಉಸಿರು ಎಳೆದೆಳೆದು ಬರುತ್ತಿತ್ತು.

ಆನಂದಪ್ಪ ಕತ್ತರಿಯಿಂದ ತನ್ನ ಕೂದಲನ್ನೇ ಕತ್ತರಿಸಿಕೊಂಡು ಉಂಡೆಗೆ ಸೇರಿಸಿದ. ಮುಚ್ಚಳ ತೆಗೆದ. ತಣ್ಣನೆಯ, ಹಸಿ ರಕ್ತದ ವಾಸನೆ ಮುಖಕ್ಕೆ ಬಡಿಯಿತು. ಮೀನು ಮೇಲೆ ಬಂತು. ಆತುರವಿಲ್ಲ. ಬಾಯಿ ತೆರೆಯಿತು. ಒಳಗೆ ಹಲ್ಲು. ಹಲ್ಲಿನ ಹಿಂದೆ ಹಲ್ಲು. ಅದರಾಚೆ ಬರೀ ಕತ್ತಲು. ಹೆಸರು ಹೇಳಬೇಕು. ನಾಲಿಗೆ ಏಳಲಿಲ್ಲ. ಮತ್ತೆ ಪ್ರಯತ್ನಿಸಿದ. ‘ಗುಳಕ್.’ ಸದ್ದು ಬಂದದ್ದು ನೀರಿನಿಂದಲ್ಲ. ಅವನದೇ ಗಂಟಲಿನಿಂದ. ಅವನ ಕೈ ತಾನಾಗಿ ಹಿಂದೆ ಬಂತು. ಉಂಡೆ ನೆಲಕ್ಕೆ ಬಿತ್ತು. ಕಾಲಿನಿಂದ ಅದನ್ನು ಮೂಲೆಗೆ ಒದ್ದ.

ಬದುಕಬೇಕು ಎನ್ನಿಸಿತು. ನಾಚಿಕೆಯಾಗುವಷ್ಟು ಎನ್ನಿಸಿತು.

ಜಗದಾಂಬನ ತಲೆಯಡಿ ಕೆಂಪಪ್ಪನ ರುಮಾಲಿತ್ತು. ಮಡಿಕೆಯಲ್ಲೊಂದು ನರೆಗೂದಲು. ನೋಡಬಾರದೆಂದುಕೊಂಡೇ ನೋಡಿದ. ಅವಳ ಉಸಿರು ನಿಂತಿತು. ಒಮ್ಮೆ. ಮತ್ತೆ ಬಂತು. ಮತ್ತೆ ನಿಂತಿತು. ಅವನ ಬೆರಳು ರುಮಾಲಿಗೆ ಹೋಯಿತು. ಇನ್ನೊಂದು ಉಂಡೆ. ನೀರಿನ ಮೇಲೆ ಕೈ. ಬಾಯಿ ತೆರೆಯಿತು. ಯಾರ ದನಿಯೋ ಎಂಬಂತೆ ತನ್ನ ದನಿ ಕೇಳಿಸಿತು.

“ಕೆಂಪಪ್ಪ.”

ಈ ಹೆಸರು ಸಲೀಸಾಗಿ ಬಂತು.

ಡಾಕ್ಟರು ಬರುವ ಹೊತ್ತಿಗೆ ಜಗದಾಂಬ ಎದ್ದು ಗೋಡೆಗೊರಗಿ ಕೂತಿದ್ದಳು. ಕೆಂಪಪ್ಪ ಬಾಗಿಲಲ್ಲೇ ನಿಂತು ಎರಡೂ ಕೈ ಎತ್ತಿ ಚೌಡೇಶ್ವರಿಗೆ ಮುಗಿದ. ರುಮಾಲನ್ನು ಕೊಡವಿ ತಲೆಗೆ ಸುತ್ತಿಕೊಂಡ.

ಗೌರಿಹಬ್ಬದ ಹೊತ್ತಿಗೆ ಅವಳಿಗೆ ಮೊದಲಿನ ಮೈ ಬಂತು, ಮೊದಲಿನ ನಗೆ ಬಂತು. ಕೆಂಪಪ್ಪ ಬಲೆ ಬೀಸುವುದು ಬಿಟ್ಟ. ಮೊದಲು ಕಣ್ಣು ಮಂಜಾಯಿತು, ಆಮೇಲೆ ಎಲುಬು ಸವೆಯಿತು. ಆನಂದಪ್ಪ ಮೀನೆಣ್ಣೆ ನಿಲ್ಲಿಸಿ ನೋಡಿದ, ಎಲುಬಿನ ಪುಡಿ ನಿಲ್ಲಿಸಿ ನೋಡಿದ. ಬರೀ ಎರೆಹುಳು ಹಾಕಿದ. ಮೀನು ಅವನ್ನೂ ಉಂಡಿತು, ಕೊರತೆ ಬಿದ್ದದ್ದನ್ನು ಕೆಂಪಪ್ಪನ ಮೈಯಿಂದಲೇ ತೆಗೆದುಕೊಂಡಿತು. ನಡೆದದ್ದೇನೂ ಅರಿಯದ ಜಗದಾಂಬ ಕೆಂಪಪ್ಪನಿಗೆಂದು ದಿನಾ ಬುತ್ತಿ ಕಟ್ಟಿ ಗಂಡನ ಕೈಗೆ ಕೊಡುವಳು.

“ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು ಮಾಡ್ಯಾನ್ರಿ ಆತ. ನೀವೇ ಕೂತು ಉಣ್ಣಿಸಿ ಬರ್ರಿ.”

ಆನಂದಪ್ಪ ಕೂತು ಉಣ್ಣಿಸುತ್ತಿದ್ದ. ಚರ್ಮ ಅಂಟಿದ ಆ ಬಾಯಿಗೆ ತುತ್ತಿಡುವಾಗ ಕೆಸರಿನ ವಾಸನೆ ಬರುತ್ತಿತ್ತು.

“ನಂಗೆ ಯಾರೋ ಮಾಡ್ಸಿದಾರೆ ಸಾಹೇಬ್ರೆ,” ಎಂದ ಕೆಂಪಪ್ಪ ಒಂದು ದಿನ. “ನಾನು ಯಾರಿಗೂ ಕೆಟ್ಟದ್ದು ಮಾಡಿದೋನಲ್ಲ. ಯಾರಿರಬಹ್ದು?”

ಆನಂದಪ್ಪ ಇನ್ನೊಂದು ತುತ್ತು ಕಲಸಿದ.

ಕೆಂಪಪ್ಪ ಸತ್ತ ದಿನ ಆನಂದಪ್ಪ ಅವನ ಮನೆಗೆ ಹೊರಡುವ ಮುಂಚೆ ಜಗದಾಂಬ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಬಾಗಿಲ ಚೌಕಟ್ಟು ಮುಟ್ಟಿ ತಡವರಿಸಿದಳು. “ಕಣ್ಣು ಯಾಕೋ ಮಂಜಾಗೈತ್ರಿ. ಅತ್ತು ಅತ್ತು ಹಿಂಗಾಗಿರಬೇಕು.”

ಆನಂದಪ್ಪ ಚಪ್ಪಲಿ ಮೆಟ್ಟಿ ಬಿರಬಿರನೆ ಹೊರಟ.

ಸಾವಿನ ಮನೆಯ ಅಂಗಳದಲ್ಲಿ ಗುತ್ಯಮ್ಮ ಎಲ್ಲರಿಂದ ದೂರ, ಬೇಲಿಯ ಹತ್ತಿರ ಕೂತಿದ್ದಳು. ಅವನು ಪಕ್ಕಕ್ಕೆ ಹೋಗಿ ನಿಂತಾಗ ತಲೆಯೆತ್ತದೆಯೇ ಹೇಳಿದಳು.

“ಹೆಸರು ತೀರಿದ್ರೆ ಅದು ಹಿಂದಿನ ಹೆಸರಿಗೇ ವಾಪಸ್ ಬರ್ತದೆ.”

“ಮೊದ್ಲೇ ಯಾಕ ಹೇಳಲಿಲ್ಲ?”

“ಹೇಳಿದ್ರೆ ಬಿಡ್ತಿದ್ರಾ?” ಮುದುಕಿ ಈಗ ಮೊದಲ ಸಲ ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. “ನಮ್ಮವ್ವಂಗೆ ಯಾರ ಮೇಲೂ ಹಗೆ ಇರ್ಲಿಲ್ಲ ಸಾಹೇಬ್ರೆ. ಗಂಡನ್ನ ಉಳಿಸ್ಕೊಳ್ಳೋಕೆ ಅಂತ್ಲೇ ಅವಳೂ ಶುರು ಮಾಡಿದ್ದು.”

ಒಳಗಿನಿಂದ ಕೆಂಪಪ್ಪನ ಹೆಂಡತಿ ನಿಂಗಮ್ಮ ತಲೆ ಕೆದರಿಕೊಂಡು ಬಂದಳು. ಆನಂದಪ್ಪನನ್ನು ಕಂಡದ್ದೇ ಅವನ ತೋಳು ಹಿಡಿದು, ಅದಕ್ಕೆ ತಲೆ ಚಚ್ಚಿಕೊಂಡು ಅತ್ತಳು. “ನಮ್ಮೋರೂ ಮಾಡ್ಲಿಲ್ಲ ಅಣ್ಣಾ, ನೀವೇ ದಿನಾ ಬಾಯಿಗೆ ಅನ್ನ ಇಟ್ರಿ. ನಿಮ್ಮ ಋಣ ಹೆಂಗೆ ತೀರಿಸ್ಲಿ?” ಹೆಂಗಸರು ಬಂದು ಅವಳನ್ನು ಬಿಡಿಸಿ ಒಳಗೆ ಕರೆದೊಯ್ದರು.

ಅವನ ಬಿಳಿ ಅಂಗಿಯ ತೋಳಿನ ಮೇಲೆ ಉದ್ದನೆಯ ಕೂದಲೊಂದು ಅಂಟಿ ಉಳಿದಿತ್ತು.

ಕೊಡವಲೆಂದು ಆನಂದಪ್ಪ ಕೈಯೆತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಜನ ಚಟ್ಟ ಕಟ್ಟುವುದರಲ್ಲಿದ್ದರು, ಯಾರೂ ಇತ್ತ ನೋಡುತ್ತಿರಲಿಲ್ಲ. ಗುತ್ಯಮ್ಮ ಕೂಡ ಮುಖ ತಿರುಗಿಸಿದ್ದಳು. ಅವನು ಆ ಎಳೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಿಡಿಸಿದ, ತುಂಡಾಗದಂತೆ ಸುರುಳಿ ಸುತ್ತಿದ, ಎದೆಯ ಜೇಬಿನೊಳಗೆ ಇಟ್ಟುಕೊಂಡ. ಆಮೇಲೆ ಎಲ್ಲರಿಗಿಂತ ಮುಂದೆ ಹೋಗಿ ಕೆಂಪಪ್ಪನ ಚಟ್ಟಕ್ಕೆ ಹೆಗಲು ಕೊಟ್ಟ.